ಗುಳ್ಳೆಯೊಳಗಿನ ಎರಡು ರೋಗ

ಕನ್ನಡದ ‘ಸರ್ಪಸುತ್ತು’ ಎಂಬ ಪದವನ್ನು ವೈದ್ಯಶಾಸ್ತ್ರದ ‘ಹರ್ಪಿಸ್ ಜೋಸ್ಟರ್’ ಎಂಬ ಹೆಸರಿನ ಪಕ್ಕದಲ್ಲಿಟ್ಟು ನೋಡಿದರೆ ಭಾಷೆಯನ್ನು ಅಭ್ಯಾಸ ಮಾಡುವವರಿಗೆ ಒಂದು ಸಂತೋಷದ ಸಂಗತಿ ಕಾಣುತ್ತದೆ. ‘ಹರ್ಪಿಸ್’ ಎಂಬುದು ತೆವಳು, ಹರಿದಾಡು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದಿದೆ. ಆ ಗ್ರೀಕ್ ಧಾತುವೂ ಸಂಸ್ಕೃತದ ‘ಸೃಪ್’ ಧಾತುವೂ ಒಂದೇ ಮೂಲದವು. ಕನ್ನಡಕ್ಕೆ ತತ್ಸಮವಾಗಿ ಬಂದಿರುವ ‘ಸರ್ಪ’ ಹುಟ್ಟಿದ್ದು ಈ ಸೃಪ್ ಧಾತುವಿನಿಂದಲೇ. ‘ಜೋಸ್ಟರ್’ ಎಂದರೆ ಗ್ರೀಕ್ ಭಾಷೆಯಲ್ಲಿ ನಡುಪಟ್ಟಿ, ಅಂದರೆ ಸೊಂಟವನ್ನು ಸುತ್ತುವಂಥದು. ಹೀಗೆ ‘ಹರ್ಪಿಸ್ ಜೋಸ್ಟರ್’ ಎಂಬುದನ್ನು ಪದಕ್ಕೆ ಪದವಾಗಿ ಬಿಡಿಸಿದರೆ ದೊರೆಯುವುದು ಸರ್ಪಸುತ್ತೇ. ಸೊಲ್ಲಾಪುರದ ಮರಾಠಿ ನೆರೆಹೊರೆಯವರು ಇದೇ ರೋಗವನ್ನು ‘ನಾಗೀಣ’ ಎನ್ನುತ್ತಾರೆ. ಮೂರು ಭಾಷೆಯ ಜನರೂ ಮೈಮೇಲೆ ಸಾಲಾಗಿ ಎದ್ದ ಗುಳ್ಳೆಗಳಲ್ಲಿ ಹಾವಿನ ಚಲನೆಯನ್ನೇ ಕಂಡಿದ್ದಾರೆ.

ಹೆಸರು ಇಷ್ಟು ನಿಖರವಾಗಿರುವುದು ಈ ಒಂದು ರೋಗಕ್ಕೆ ಮಾತ್ರ. ಉಳಿದಂತೆ ಮೈಮೇಲೆ ನೀರು ತುಂಬಿ ಎದ್ದದ್ದೆಲ್ಲವೂ ಆಡುಮಾತಿನಲ್ಲಿ ‘ಗುಳ್ಳೆ’, ಒಡೆದ ಮೇಲೆ ‘ಹುಣ್ಣು’. ಸುಟ್ಟರೂ ಗುಳ್ಳೆ, ಸೀತಾಳೆ ಸಿಡುಬಿಗೂ ಗುಳ್ಳೆ, ಔಷಧಿ ಒಗ್ಗದಿದ್ದರೂ ಗುಳ್ಳೆ. ಈ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ರೋಗಗಳು ಒಂದೇ ದೇಹದಲ್ಲಿ, ಕೆಲವೊಮ್ಮೆ ಒಂದೇ ಗಾಯದಲ್ಲಿ ಕೂಡಿಕೊಂಡಾಗ ಏನಾಗುತ್ತದೆ ಎಂಬುದು ಇಲ್ಲಿಯ ವಿಷಯ. ಅವುಗಳಲ್ಲಿ ಒಂದು ದೇಹವು ತನ್ನ ಮೇಲೆ ತಾನೇ ಮಾಡಿಕೊಳ್ಳುವ ದಾಳಿ, ಇನ್ನೊಂದು ಹೊರಗಿನಿಂದ ಬಂದು ಒಳಗೆ ಅಡಗಿದ್ದ ವೈರಾಣುವಿನ ದಾಳಿ. ಮೊದಲನೆಯದಕ್ಕೆ ಕೊಡುವ ಔಷಧಿ ಎರಡನೆಯದಕ್ಕೆ ಅನುಕೂಲ ಮಾಡಿಕೊಡುತ್ತದೆ ಎಂಬುದರಲ್ಲಿಯೇ ಇದರ ಕಷ್ಟವೆಲ್ಲ ಇದೆ.

ಮೊದಲಿಗೆ ಚರ್ಮದ ರಚನೆಯನ್ನು ತಿಳಿಯಬೇಕು. ಗಡಿನಾಡಿನ ಮನೆಗಳಲ್ಲಿ ಇಂದಿಗೂ ಹಾಸಿ ಹೊದೆಯುವ ಕೌದಿಯನ್ನು ನೆನಪಿಗೆ ತಂದುಕೊಂಡರೆ ಸಾಕು. ಹಳೆಯ ಬಟ್ಟೆಯ ಪದರುಗಳನ್ನು ಒಂದರ ಮೇಲೊಂದು ಹಾಸಿ, ಸಾಲು ಸಾಲಾಗಿ ಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ಚರ್ಮದ ಮೇಲ್ಪದರವೂ ಹೀಗೆ ಹಲವು ಸಾಲು ಜೀವಕೋಶಗಳಿಂದ ಆದದ್ದು. ಆ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಹೊಲಿಗೆಯಂಥ ಪ್ರೋಟೀನುಗಳಲ್ಲಿ ಮುಖ್ಯವಾದವು ಡೆಸ್ಮೊಗ್ಲೀನ್ 1 ಮತ್ತು ಡೆಸ್ಮೊಗ್ಲೀನ್ 3. ಮೇಲ್ಪದರವನ್ನು ಅಡಿಯ ಪದರಕ್ಕೆ ಬಂಧಿಸಲು ಬೇರೆಯೇ ಹೊಲಿಗೆಯಿದೆ. ದೇಹದ ರೋಗನಿರೋಧಕ ವ್ಯವಸ್ಥೆಯು ಯಾವುದೋ ಕಾರಣದಿಂದ ಈ ಹೊಲಿಗೆಗಳನ್ನೇ ಶತ್ರುವೆಂದು ಭಾವಿಸಿ ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸತೊಡಗಿದರೆ ಪದರುಗಳು ಬಿಚ್ಚಿಕೊಳ್ಳುತ್ತವೆ, ಬಿಚ್ಚಿದ ಜಾಗದಲ್ಲಿ ದ್ರವ ತುಂಬಿ ಗುಳ್ಳೆ ಏಳುತ್ತದೆ.

ಮೇಲ್ಪದರದೊಳಗಿನ ಹೊಲಿಗೆ ಬಿಚ್ಚಿದರೆ ಅದು ಪೆಂಫಿಗಸ್. ಇದರ ಗುಳ್ಳೆಯ ಹೊದಿಕೆ ತೆಳು. ಸಡಿಲವಾಗಿ ಜೋಲುತ್ತದೆ, ಬೇಗ ಒಡೆಯುತ್ತದೆ, ಒಡೆದಲ್ಲಿ ಹಸಿ ಗಾಯ ಉಳಿಯುತ್ತದೆ. ಈ ರೋಗದ ಸಾಮಾನ್ಯ ಬಗೆಯಲ್ಲಿ ಬಹಳ ಸಲ ಮೊದಲು ಕಾಣುವುದು ಬಾಯಿಯ ಹುಣ್ಣು. ರೋಗಿ ಅದನ್ನು ಉಷ್ಣವೆಂದೋ ಹೊಟ್ಟೆಯ ದೋಷವೆಂದೋ ತಿಳಿದು ತಿಂಗಳುಗಟ್ಟಲೆ ಕಳೆಯುವುದುಂಟು. ಅಡಿಯ ಹೊಲಿಗೆ ಬಿಚ್ಚಿದರೆ ಅದು ಪೆಂಫಿಗಾಯ್ಡ್. ಅದರ ಗುಳ್ಳೆ ದಪ್ಪ ಹೊದಿಕೆಯದು, ಬಿಗಿಯಾಗಿ ನಿಲ್ಲುತ್ತದೆ, ವಿಪರೀತ ತುರಿಕೆ ಇರುತ್ತದೆ, ಹೆಚ್ಚಾಗಿ ಇಳಿವಯಸ್ಸಿನವರಿಗೆ ಬರುತ್ತದೆ. ಇವೆರಡೂ ಬೇರೆ ಬೇರೆ ರೋಗಗಳೆಂದು ವಾಲ್ಟರ್ ಲೀವರ್ ಖಚಿತವಾಗಿ ವಿಂಗಡಿಸಿದ್ದು 1953ರಲ್ಲಿ. ಪೆಂಫಿಗಸ್ ರೋಗಿಯ ರಕ್ತದಲ್ಲಿ ಚರ್ಮಕ್ಕೆ ವಿರುದ್ಧವಾದ ಪ್ರತಿಕಾಯಗಳಿರುವುದನ್ನು ಬ್ಯೂಟ್ನರ್ ಮತ್ತು ಜೋರ್ಡನ್ 1964ರಲ್ಲಿ ತೋರಿಸಿಕೊಟ್ಟರು. ಇಂಥ ರೋಗಗಳಿಗೆ ಕನ್ನಡದಲ್ಲಿ ‘ಸ್ವಯಂನಿರೋಧಕ ರೋಗ’ ಎಂಬ ಪದ ಬಳಕೆಗೆ ಬಂದಿದೆ. ಪದ ಚೆನ್ನಾಗಿಯೇ ಇದೆ. ಆದರೆ ಕೇಳಿದವರಿಗೆ ಅದು ರೋಗಕ್ಕಿಂತ ಹೆಚ್ಚಾಗಿ ಒಂದು ಸದ್ಗುಣದಂತೆ, ತನ್ನನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಂತೆ ಕೇಳಿಸುತ್ತದೆ. ‘ಸ್ವಘಾತಕ’ ಎಂಬಂಥ ಪದವೊಂದು ಬಂದಿದ್ದರೆ ಅರ್ಥ ತಪ್ಪುವ ಸಂಭವ ಕಡಿಮೆಯಿತ್ತು.

ಸ್ಟೀರಾಯ್ಡ್ ಔಷಧಿಗಳು ಬಳಕೆಗೆ ಬರುವ ಮೊದಲು, ಎಂದರೆ 1950ರ ದಶಕಕ್ಕಿಂತ ಹಿಂದೆ, ಪೆಂಫಿಗಸ್ ಬಂದವರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಚರ್ಮ ಕಳಚಿದ ಮೈಯಿಂದ ನೀರು, ಲವಣ, ಪ್ರೋಟೀನು ಸೋರಿಹೋಗುತ್ತಿತ್ತು. ತೆರೆದ ಗಾಯಗಳಿಗೆ ಸೋಂಕು ತಗಲುತ್ತಿತ್ತು. ಸ್ಟೀರಾಯ್ಡ್ ಈ ಚಿತ್ರವನ್ನು ಬದಲಿಸಿತು. ಅನಂತರದ ಬೆಳವಣಿಗೆಯಲ್ಲಿ ಭಾರತದ ಪಾಲು ಸಣ್ಣದಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರೀಚಾ ಮತ್ತು ಡಾ. ರಾಮ್‌ಜಿ ಗುಪ್ತಾ 1984ರಲ್ಲಿ ಪ್ರಕಟಿಸಿದ ‘ಪಲ್ಸ್’ ಚಿಕಿತ್ಸೆಯಲ್ಲಿ 100 ಮಿಲಿಗ್ರಾಂ ಡೆಕ್ಸಾಮೆಥಾಸೋನನ್ನು ಗ್ಲುಕೋಸ್ ದ್ರಾವಣದಲ್ಲಿ ಬೆರೆಸಿ ಸತತ 3 ದಿನ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುತ್ತಾರೆ. ಅದರಲ್ಲಿ ಒಂದು ದಿನ 500 ಮಿಲಿಗ್ರಾಂ ಸೈಕ್ಲೊಫಾಸ್ಫಮೈಡನ್ನೂ ಸೇರಿಸುತ್ತಾರೆ. 28 ದಿನಕ್ಕೊಮ್ಮೆ ಇದರ ಆವರ್ತನ. ನಡುವಿನ ದಿನಗಳಲ್ಲಿ ಸೈಕ್ಲೊಫಾಸ್ಫಮೈಡ್ ಮಾತ್ರೆ. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಈ ಪದ್ಧತಿ ದಶಕಗಳ ಕಾಲ ಆಸರೆಯಾಯಿತು. ಈಚಿನ ವರ್ಷಗಳಲ್ಲಿ, ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್ ಮುಂದೆ ಬಂದಿದೆ. ಅಮೆರಿಕದಲ್ಲಿ ಪೆಂಫಿಗಸ್‌ಗೆ ಅದರ ಬಳಕೆಗೆ 2018ರಲ್ಲಿ ಅನುಮತಿ ದೊರೆಯಿತು.

ಈ ಎಲ್ಲ ಔಷಧಿಗಳ ಕೆಲಸ ಒಂದೇ, ರೋಗನಿರೋಧಕ ವ್ಯವಸ್ಥೆಯ ಕೈ ಕಟ್ಟುವುದು. ತನ್ನ ಮನೆಯನ್ನೇ ಕೆಡವುತ್ತಿರುವ ಕಾವಲುಗಾರನ ಕೈ ಕಟ್ಟುವುದು ಅನಿವಾರ್ಯ. ಆದರೆ ಕೈ ಕಟ್ಟಿದ ಕಾವಲುಗಾರ ಕಳ್ಳನನ್ನೂ ತಡೆಯಲಾರ.

ಕಳ್ಳನಾದರೋ ಮೊದಲೇ ಮನೆಯೊಳಗಿದ್ದಾನೆ. ಹರ್ಪಿಸ್ ಕುಲದ ವೈರಾಣುಗಳ ವಿಶೇಷವೇ ಇದು. ಹರ್ಪಿಸ್ ಸಿಂಪ್ಲೆಕ್ಸ್ ಎಂಬುದು ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ವೈರಾಣು. ಬಾಲ್ಯದಲ್ಲಿಯೇ ಬಹುಪಾಲು ಜನರ ದೇಹವನ್ನು ಸೇರಿ, ಮುಖದ ನರದ ಬುಡದಲ್ಲಿರುವ ನರಗಂಟಿನಲ್ಲಿ ನಿದ್ರಿಸುತ್ತದೆ. ಸೀತಾಳೆ ಸಿಡುಬಿನ ವೈರಾಣು, ಸಿಡುಬು ವಾಸಿಯಾದ ಮೇಲೆ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಉಳಿದುಬಿಡುತ್ತದೆ. ವಯಸ್ಸಿನಿಂದಲೋ ರೋಗದಿಂದಲೋ ಔಷಧಿಯಿಂದಲೋ ರೋಗನಿರೋಧಕ ಶಕ್ತಿ ತಗ್ಗಿದಾಗ ಇದೇ ವೈರಾಣು ಒಂದು ನರದ ಗುಂಟ ಹರಿದುಬಂದು ಚರ್ಮದ ಮೇಲೆ ಪಟ್ಟಿಯಂತೆ ಗುಳ್ಳೆ ಎಬ್ಬಿಸುತ್ತದೆ. ಅದೇ ಸರ್ಪಸುತ್ತು. ಮನೆಯಲ್ಲಿ ಮಗುವಿಗೆ ‘ಅಮ್ಮ’ ಎಂದು ಬಂದದ್ದೂ ಅಜ್ಜನಿಗೆ ‘ಸರ್ಪ’ವೆಂದು ಬಂದದ್ದೂ ಒಂದೇ ವೈರಾಣು ಎಂಬುದು ಹಳ್ಳಿಗಳಲ್ಲಿ ಇಂದಿಗೂ ಅನೇಕರಿಗೆ ನಂಬಲಾಗದ ಮಾತು.

ಸರ್ಪದ ಬಾಯಿಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆ ಕನ್ನಡ ನಾಡಿನಲ್ಲೂ ಮರಾಠಿ ನಾಡಿನಲ್ಲೂ ವ್ಯಾಪಕವಾಗಿದೆ. ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ನರವೂ ಮೈಯ ಒಂದು ಪಕ್ಕಕ್ಕೆ ಮಾತ್ರ ಸೇರಿದ್ದಾದ್ದರಿಂದ ಸರ್ಪಸುತ್ತು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ಬಾಯಿ ಬಾಲ ಕೂಡುವ ಪ್ರಸಂಗವೇ ಬಾರದು. ಹಾಗೆಂದು ಈ ನಂಬಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಲ್ಲಿ ಆತುರ ಸಲ್ಲದು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಗುಳ್ಳೆಗಳು ಒಂದು ಪಟ್ಟಿಯನ್ನು ಮೀರಿ ಮೈತುಂಬ ಹರಡುತ್ತವೆ, ಶ್ವಾಸಕೋಶ ಮತ್ತು ಮಿದುಳಿಗೂ ಇಳಿಯಬಲ್ಲವು. ಸುತ್ತು ತನ್ನ ಗಡಿ ದಾಟುವುದು ಪ್ರಾಣಾಪಾಯದ ಸೂಚನೆಯೆಂಬಷ್ಟರ ಮಟ್ಟಿಗೆ ಹಿರಿಯರ ಕಣ್ಣು ಸರಿಯಾಗಿಯೇ ನೋಡಿದೆ, ತಪ್ಪಿರುವುದು ಕಾರಣದಲ್ಲಿ. ಸುತ್ತಿನ ಮೇಲೆ ಕೆಮ್ಮಣ್ಣು ಬಳಿಯುವ ರೂಢಿಯ ವಿಷಯದಲ್ಲಿ ಮಾತ್ರ ಇಷ್ಟು ಉದಾರವಾಗಿರಲು ಸಾಧ್ಯವಿಲ್ಲ. ಗಟ್ಟಿ ಚರ್ಮದವರಿಗೆ ಅದರಿಂದ ಹೆಚ್ಚಿನ ಹಾನಿಯಾಗದೆ ಹೋಗಬಹುದು. ಪೆಂಫಿಗಸ್ ರೋಗಿಯ ಹಸಿ ಗಾಯದ ಮೇಲೆ ಮಣ್ಣು ಬಿದ್ದರೆ ವೈರಾಣುವಿನ ಜೊತೆಗೆ ಬ್ಯಾಕ್ಟೀರಿಯಾವನ್ನೂ ಕರೆದಂತಾಗುತ್ತದೆ.

ಎರಡು ರೋಗಗಳು ಕೂಡುವ ಬಗೆಯನ್ನು ಈಗ ನೋಡಬಹುದು. ಕಿತ್ತ ಚರ್ಮ ವೈರಾಣುವಿಗೆ ತೆರೆದ ಬಾಗಿಲು. ಕಟ್ಟಿದ ಕೈಗಳ ಕಾವಲುಗಾರ ಅದನ್ನು ತಡೆಯುವುದಿಲ್ಲ. ತುಟಿಯಂಚಿನ ನಾಲ್ಕು ಗುಳ್ಳೆಗಳಲ್ಲಿ ಮುಗಿಯಬೇಕಾದ ಸೋಂಕು ಪೆಂಫಿಗಸ್ ಗಾಯಗಳ ದಾರಿಯಲ್ಲಿ ಮುಖ, ಎದೆ, ಬೆನ್ನಿಗೆ ಹಬ್ಬುತ್ತದೆ. ಹೀಗೆ ಮೊದಲೇ ಕೆಟ್ಟ ಚರ್ಮದ ಮೇಲೆ ಸಿಡುಬಿನಂತೆ ಹಬ್ಬುವ ಸೋಂಕನ್ನು 1887ರಲ್ಲಿ ವಿಯೆನ್ನಾದ ಮೊರಿಟ್ಸ್ ಕಪೋಸಿ ವರ್ಣಿಸಿದ. ಅವನು ಕಂಡದ್ದು ಇಸುಬಿನ ಮಕ್ಕಳಲ್ಲಿ. ಅನಂತರ ಅದು ಪೆಂಫಿಗಸ್ ರೋಗಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆಂದು ತಿಳಿಯಿತು. ಕಣ್ಣಿಗೆ ಹಬ್ಬಿದರೆ ದೃಷ್ಟಿಗೇ ಅಪಾಯ.

ವೈದ್ಯರಿಗೆ ಇದು ಮೋಸಗೊಳಿಸುವ ಸ್ಥಿತಿ. ಪೆಂಫಿಗಸ್ ರೋಗಿ ಹೊಸ ಗುಳ್ಳೆಗಳೆದ್ದು, ಹಳೆಯ ಗಾಯ ಆರದೆ ಆಸ್ಪತ್ರೆಗೆ ಬಂದರೆ ಮೊದಲು ಹೊಳೆಯುವ ವಿಚಾರ ಮೂಲರೋಗ ಕೆರಳಿದೆ ಎಂಬುದು. ಕೆರಳಿದ ರೋಗಕ್ಕೆ ಸ್ಟೀರಾಯ್ಡಿನ ಪ್ರಮಾಣ ಏರಿಸುವುದು ಕ್ರಮ. ಒಳಗಿರುವುದು ವೈರಾಣುವಾದರೆ ಏರಿಸಿದ ಪ್ರತಿಯೊಂದು ಮಿಲಿಗ್ರಾಂ ಅದಕ್ಕೆ ಆಹಾರವಾಗುತ್ತದೆ. ಗಾಯ ಹೆಚ್ಚುತ್ತದೆ, ಹೆಚ್ಚಿದ್ದನ್ನು ಕಂಡು ಔಷಧಿ ಇನ್ನಷ್ಟು ಏರುತ್ತದೆ. ಇದನ್ನು ಬಲ್ಲ ಚರ್ಮರೋಗತಜ್ಞರು, ಹಿಡಿತಕ್ಕೆ ಬಂದಿದ್ದ ಪೆಂಫಿಗಸ್ ಹಠಾತ್ತಾಗಿ ಕೆಟ್ಟರೆ, ವಿಶೇಷವಾಗಿ ಬಾಯಿಯ ಹುಣ್ಣು ಚಿಕಿತ್ಸೆಗೆ ಜಗ್ಗದಿದ್ದರೆ, ಪ್ರಮಾಣ ಏರಿಸುವ ಮುನ್ನ ಒಳಗೆ ಹರ್ಪಿಸ್ ಇದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾರೆ. ವೈರಾಣುವೇ ಮೂಲರೋಗವನ್ನು ಕೆರಳಿಸುವುದೂ ಉಂಟೇ ಎಂಬುದು ವಿದ್ವಾಂಸರ ನಡುವೆ ಚರ್ಚೆಯಲ್ಲಿರುವ ವಿಷಯ; ಕೆಲವು ಪೆಂಫಿಗಸ್ ಗಾಯಗಳಲ್ಲಿ ಹರ್ಪಿಸ್ ವೈರಾಣುವಿನ ಡಿಎನ್‌ಎ ಸಿಕ್ಕಿರುವುದಂತೂ ನಿಜ.

ಕಣ್ಣಿಗೆ ಕಾಣುವ ಕೆಲವು ಕುರುಹುಗಳಿವೆ. ಹರ್ಪಿಸ್ ಸೇರಿದ ಗಾಯಗಳು ಒಂದೇ ಅಳತೆಯ ಚಿಕ್ಕ ಗುಂಡಿಗಳಂತೆ, ಅಚ್ಚು ಒತ್ತಿ ಕೊರೆದಂತೆ ಗುಂಪುಗಟ್ಟಿರುತ್ತವೆ. ಗುಂಡಿಗಳು ಒಂದರೊಳಗೊಂದು ಕೂಡಿದಾಗ ಗಾಯದ ಅಂಚು ನೆಟ್ಟಗಿರದೆ ಕಮಾನುಗಳನ್ನು ಜೋಡಿಸಿದಂತೆ ತೋರುತ್ತದೆ. ಜ್ವರ ಬರಬಹುದು. ನೋವಿನ ಸ್ವರೂಪ ಬದಲಾಗುತ್ತದೆ. ಸರ್ಪಸುತ್ತಿನಲ್ಲಿಯಾದರೆ ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಆ ಪಟ್ಟಿಯಲ್ಲಿ ಉರಿ ಅಥವಾ ಸೆಳೆತ ಶುರುವಾಗಿರುತ್ತದೆ.

ಕಣ್ಣು ಸಾಲದಿದ್ದಾಗ ನೆರವಿಗೆ ಬರುವ ಪರೀಕ್ಷೆಯ ಕಥೆ ಸ್ವಾರಸ್ಯಕರವಾಗಿದೆ. ಪ್ಯಾರಿಸಿನ ಆರ್ನೋ ಜಾಂಕ್ ಎಂಬ ವೈದ್ಯ 1947ರಲ್ಲಿ ಗುಳ್ಳೆಯ ತಳವನ್ನು ಮೆಲ್ಲನೆ ಕೆರೆದು, ದೊರೆತ ಜೀವಕೋಶಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಪ್ರಚುರಪಡಿಸಿದ. ಪೆಂಫಿಗಸ್ ಆಗಿದ್ದರೆ ಹೊಲಿಗೆ ಕಳೆದುಕೊಂಡು ಒಂಟಿಯಾಗಿ ಉರುಟಾದ ಜೀವಕೋಶಗಳು ಕಾಣುತ್ತವೆ. ಹರ್ಪಿಸ್ ಆಗಿದ್ದರೆ ಹಲವು ಜೀವಕೋಶಗಳು ಬೆಸೆದುಕೊಂಡು, ಒಂದೇ ಒಡಲಿನಲ್ಲಿ ಅನೇಕ ಕೇಂದ್ರಗಳು ಒತ್ತೊತ್ತಾಗಿ ಕುಳಿತ ದೈತ್ಯ ಜೀವಕೋಶಗಳು ಕಾಣುತ್ತವೆ. ಒಂದು ಗಾಜಿನ ಪಟ್ಟಿ, ಒಂದಿಷ್ಟು ಗೀಮ್ಸಾ ಬಣ್ಣ, ಅರ್ಧ ಗಂಟೆಯ ಸಮಯ ಇಷ್ಟಿದ್ದರೆ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಒಂದೇ ಗಾಜಿನ ಮೇಲೆ ಎರಡೂ ಬಗೆಯ ಜೀವಕೋಶಗಳು ಸಿಕ್ಕರೆ ಎರಡು ರೋಗಗಳೂ ಇವೆ ಎಂದರ್ಥ. ಈ ಪರೀಕ್ಷೆಗೆ ಮಿತಿಗಳಿವೆ. ಹರ್ಪಿಸ್ ಸಿಂಪ್ಲೆಕ್ಸ್ ಯಾವುದು, ಸರ್ಪಸುತ್ತಿನ ವೈರಾಣು ಯಾವುದು ಎಂದು ಇದು ಹೇಳದು. ದೈತ್ಯ ಜೀವಕೋಶ ಕಾಣಲಿಲ್ಲವೆಂದ ಮಾತ್ರಕ್ಕೆ ವೈರಾಣು ಇಲ್ಲವೆಂದೂ ಅಲ್ಲ. ಆ ನಿರ್ಣಯಕ್ಕೆ ಪಿಸಿಆರ್ ಪರೀಕ್ಷೆ ಬೇಕು. ಆ ಹೆಸರನ್ನು ಕೋವಿಡ್ ಕಾಲದಲ್ಲಿ ಮನೆಮನೆಯೂ ಕಲಿತಿದೆ.

ಪರೀಕ್ಷೆಗಿಂತ ಮೊದಲು ರೋಗಿಯ ಮಾತು ಇರುತ್ತದೆ. ಸೊಲ್ಲಾಪುರ ಜಿಲ್ಲೆಯ ಮಟ್ಟಿಗೆ ಇದು ಭಾಷೆಯ ಪ್ರಶ್ನೆಯೂ ಹೌದು. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಲ್ಲಿಯ ರೋಗಿ ದೊಡ್ಡ ಕಾಯಿಲೆಗೆ ಹೋಗುವುದು ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ. 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಸರ್ವೋಪಚಾರ ಆಸ್ಪತ್ರೆಯನ್ನು ಜನ ‘ಸಿವಿಲ್’ ಎಂದೇ ಕರೆಯುತ್ತಾರೆ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿ ಕನ್ನಡದಲ್ಲಿ ಹೇಳಿದ್ದು ಮರಾಠಿಯಲ್ಲಿ ಕೇಳಿಸಿ, ಇಂಗ್ಲಿಷಿನಲ್ಲಿ ದಾಖಲಾಗುತ್ತದೆ. ‘ಬಾಯಾಗ ಹುಣ್ಣಾಗ್ಯಾವ, ಮೈಮ್ಯಾಲ ಗುಳ್ಳಿ ಎದ್ದಾವ’ ಎಂಬ ಮಾತು ಈ ಪಯಣವನ್ನು ಹೇಗೋ ದಾಟಿಬಿಡುತ್ತದೆ. ದಾಟುವಲ್ಲಿ ಕಳೆದುಹೋಗುವುದು ಸೂಕ್ಷ್ಮಗಳು. ‘ಉರೀತದ’, ‘ತುರಸ್ತದ’, ‘ಚುಚ್ತದ’, ‘ಸೆಳೀತದ’, ‘ಜುಮುಜುಮು ಅಂತದ’ ಎಂಬ ಐದು ಕ್ರಿಯಾಪದಗಳು ಐದು ಬೇರೆ ಅನುಭವಗಳನ್ನು ಹೇಳುತ್ತವೆ. ತುರಿಕೆ ಮುಂದಾಗಿದ್ದರೆ ಪೆಂಫಿಗಾಯ್ಡ್ ಕಡೆಗೆ, ಗುಳ್ಳೆಗೆ ಮೊದಲೇ ಒಂದು ಪಕ್ಕದಲ್ಲಿ ಸೆಳೆತ ಅಥವಾ ಜುಮುಗುಟ್ಟುವಿಕೆ ಇದ್ದರೆ ಸರ್ಪಸುತ್ತಿನ ಕಡೆಗೆ ವೈದ್ಯರ ವಿಚಾರ ಹರಿಯಬೇಕು. ಇವೆಲ್ಲವೂ ‘ನೋವು’ ಎಂಬ ಒಂದೇ ಪದವಾಗಿ ಕಾಗದಕ್ಕಿಳಿದರೆ ಆ ದಿಕ್ಕು ತಪ್ಪುತ್ತದೆ. ‘ಹಳೇ ಗುಳ್ಳಿ ಬ್ಯಾರೆ, ಈ ಗುಳ್ಳಿ ಬ್ಯಾರೆ’ ಎಂದು ರೋಗಿಯೇ ಹೇಳುವುದುಂಟು. ವರ್ಷಗಟ್ಟಲೆ ತನ್ನ ರೋಗದೊಡನೆ ಬಾಳಿದವನ ಆ ಮಾತು ಅನೇಕ ಪರೀಕ್ಷೆಗಳಷ್ಟು ಬೆಲೆಯುಳ್ಳದ್ದು.

ರೋಗಿಯ ಭಾಷೆಯನ್ನು ವೈದ್ಯ ಕಲಿಯುವುದಕ್ಕೆ ಸೊಲ್ಲಾಪುರದಲ್ಲಿಯೇ ದೊಡ್ಡ ನಿದರ್ಶನವಿದೆ. 1910ರಲ್ಲಿ ಈ ಊರಿನಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಭಾರತೀಯ ವೈದ್ಯತಂಡದೊಡನೆ ಚೀನಾಕ್ಕೆ ಹೋದರು. 1942ರಲ್ಲಿ ಅಲ್ಲಿಯೇ ತೀರಿಕೊಳ್ಳುವವರೆಗೆ ಚೀನೀ ಭಾಷೆ ಕಲಿತು ಆ ಭಾಷೆಯಲ್ಲಿಯೇ ರೋಗಿಗಳೊಡನೆ ವ್ಯವಹರಿಸಿದರು. ಅಕ್ಕಲಕೋಟೆಯ ಕನ್ನಡ ಅಷ್ಟು ದೂರದ್ದಲ್ಲ. ಆದರೂ ಎಲ್ಲ ವೈದ್ಯರಿಂದಲೂ ಇದನ್ನು ನಿರೀಕ್ಷಿಸಲಾಗದು. ರೋಗಿಯ ಜೊತೆ ಹೋಗುವುದು ಬಹುತೇಕ ಮನೆಯಲ್ಲಿ ಓದಿದ ಮಗನೋ ಮಗಳೋ ಸೊಸೆಯೋ. ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವವರು ಆ ಸ್ಥಾನದಲ್ಲಿ ನಿಲ್ಲುವ ಸಂದರ್ಭ ಬಂದೇ ಬರುತ್ತದೆ. ಆಗ ಅವರು ಮಾಡಬೇಕಾದದ್ದು ಸಾರಾಂಶವಲ್ಲ, ಅನುವಾದ. ಮೊದಲ ಗುಳ್ಳೆ ಎದ್ದದ್ದೆಲ್ಲಿ, ಅದಕ್ಕೆ ಮೊದಲು ಏನೆನಿಸಿತು, ಹೊಸತು ಹಳೆಯದಕ್ಕಿಂತ ಹೇಗೆ ಬೇರೆ, ಮನೆಯಲ್ಲಿ ಯಾರಿಗಾದರೂ ಸಿಡುಬು ಬಂದಿತ್ತೇ, ಈವರೆಗೆ ತೆಗೆದುಕೊಂಡ ಮಾತ್ರೆಗಳಾವುವು ಎಂಬುದನ್ನು ರೋಗಿಯ ಮಾತಿನಲ್ಲಿಯೇ ಒಯ್ಯಬೇಕು.

ಮನೆಯ ನಡವಳಿಕೆಯಲ್ಲಿ ಒಂದು ವಿಪರ್ಯಾಸ ಕಾಣುತ್ತದೆ. ಪೆಂಫಿಗಸ್ ಅಂಟುರೋಗವಲ್ಲ. ಮುಟ್ಟಿದರೂ ಒಟ್ಟಿಗೆ ಉಂಡರೂ ಹಾಸಿಗೆ ಹಂಚಿಕೊಂಡರೂ ಅದು ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಮೈತುಂಬ ಗಾಯವಾದವರ ತಟ್ಟೆ ಲೋಟ ಬೇರೆಯಾಗುತ್ತದೆ, ಹಾಸಿಗೆ ಹೊರಗಿನ ಪಡಸಾಲೆಗೆ ಹೋಗುತ್ತದೆ. ಹೀಗೆ ದೂರವಿಟ್ಟ ಅದೇ ರೋಗಿಯ ಬಳಿಗೆ ಸೀತಾಳೆ ಸಿಡುಬಿನ ಮಗು ಆಡುತ್ತ ಹೋಗುವುದನ್ನು, ತುಟಿಯ ಮೇಲೆ ಜ್ವರದ ಗುಳ್ಳೆಯಿರುವ ನೆಂಟರು ಬಂದು ಮಾತಾಡಿಸುವುದನ್ನು ಯಾರೂ ತಡೆಯುವುದಿಲ್ಲ. ಅಪಾಯ ಹರಿಯುವ ದಿಕ್ಕು ನಿಜವಾಗಿ ತಿರುಗುಮುರುಗು. ಇಲ್ಲಿ ರೋಗಿಯನ್ನೇ ಮನೆಯವರಿಂದ ಕಾಪಾಡಬೇಕು. ಸರ್ಪಸುತ್ತು ಬಂದಾಗ ಮಾತ್ರ, ಗುಳ್ಳೆಗಳು ಒಣಗಿ ಹೊಪ್ಪಳೆಗಟ್ಟುವವರೆಗೆ, ಸಿಡುಬು ಬರದ ಮಕ್ಕಳೂ ಗರ್ಭಿಣಿಯರೂ ಅವರಿಂದ ದೂರವಿರುವುದು ಯುಕ್ತ.

ಸೊಲ್ಲಾಪುರದ ಬೇಸಿಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಹೊಲದ ಕೆಲಸ ನೆರಳಿನಲ್ಲಿ ಆಗುವಂಥದಲ್ಲ. ಬಿಸಿಲಿನ ನೇರಳಾತೀತ ಕಿರಣ ಪೆಂಫಿಗಸ್ಸನ್ನೂ ಕೆರಳಿಸಬಲ್ಲದು, ನರಗಂಟಿನಲ್ಲಿ ಮಲಗಿದ ಹರ್ಪಿಸ್ಸನ್ನೂ ಎಬ್ಬಿಸಬಲ್ಲದು. ತಲೆಗೆ ಬಟ್ಟೆ, ತುಂಬುತೋಳಿನ ಅಂಗಿ, ಮಧ್ಯಾಹ್ನದ ಹೊತ್ತು ನೆರಳು ಎಂಬ ಸಾಮಾನ್ಯ ಸಲಹೆಗೆ ಈ ರೋಗಿಗಳ ಮಟ್ಟಿಗೆ ಔಷಧಿಯಷ್ಟೇ ತೂಕವಿದೆ.

ಹರ್ಪಿಸ್ ಕುಲದಾಚೆಗಿನ ವೈರಾಣುಗಳಲ್ಲಿ ಹೆಪಟೈಟಿಸ್ ಬಿ ವೈರಾಣುವಿನ ಹೆಸರು ಹೇಳಲೇಬೇಕು. ಎಂದೋ ಬಂದು ಹೋದ ಕಾಮಾಲೆಯ ಈ ವೈರಾಣು ಯಕೃತ್ತಿನಲ್ಲಿ ಸದ್ದಿಲ್ಲದೆ ಉಳಿದಿರಬಹುದು. ರಿಟುಕ್ಸಿಮ್ಯಾಬ್ ಕೊಟ್ಟ ಮೇಲೆ ಅದು ಎದ್ದು ಯಕೃತ್ತನ್ನು ಪ್ರಾಣಾಂತಿಕವಾಗಿ ಕೆಡಿಸಿದ ಪ್ರಸಂಗಗಳಿವೆ. ಆದ್ದರಿಂದ ಆ ಔಷಧಿಗೆ ಮೊದಲು ರಕ್ತಪರೀಕ್ಷೆ ಕಡ್ಡಾಯ. ಕೋವಿಡ್ ವರ್ಷಗಳಲ್ಲಿಯೂ ರಿಟುಕ್ಸಿಮ್ಯಾಬ್ ಪಡೆದವರಿಗೆ ರೋಗ ತೀವ್ರವಾಗುವ ಸಂಭವ ಹೆಚ್ಚೆಂದೂ ಲಸಿಕೆಗೆ ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲವೆಂದೂ ಕಂಡುಬಂತು. ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣುವುಳ್ಳವು ಈ ರೋಗಿಗಳಿಗೆ ಚಿಕಿತ್ಸೆಯ ಕಾಲದಲ್ಲಿ ಸಲ್ಲವು. ಜೀವಂತ ವೈರಾಣುವಿಲ್ಲದವನ್ನು ವೈದ್ಯರ ಸಲಹೆಯಂತೆ ಸಾಧ್ಯವಾದರೆ ಚಿಕಿತ್ಸೆ ಶುರುವಾಗುವ ಮೊದಲೇ ಪಡೆಯುವುದು ಲೇಸು.

ಇಷ್ಟನ್ನು ಓದಿದವರಿಗೆ, ಸ್ಟೀರಾಯ್ಡೇ ಕಳ್ಳನಿಗೆ ಬಾಗಿಲು ತೆರೆಯುವುದಾದರೆ ಅದನ್ನು ನಿಲ್ಲಿಸಿಬಿಡುವುದೇ ಸರಿ ಎನಿಸಬಹುದು. ರೋಗಿಗಳಿಗೂ ಹಾಗೆಯೇ ಎನಿಸುತ್ತದೆ, ಅನೇಕರು ನಿಲ್ಲಿಸಿಯೂ ಬಿಡುತ್ತಾರೆ. ಅದು ಮೊದಲಿನದಕ್ಕಿಂತ ದೊಡ್ಡ ಅಪಾಯ. ಬಹುಕಾಲ ಸ್ಟೀರಾಯ್ಡ್ ಪಡೆದ ದೇಹದಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ತಮ್ಮದೇ ಸ್ಟೀರಾಯ್ಡ್ ತಯಾರಿಕೆಯನ್ನು ಕಡಿಮೆ ಮಾಡಿಕೊಂಡಿರುತ್ತವೆ. ಹೊರಗಿನ ಪೂರೈಕೆ ಹಠಾತ್ತನೆ ನಿಂತರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಜೊತೆಗೆ ಪೆಂಫಿಗಸ್ ಇಮ್ಮಡಿಯಾಗಿ ಮರಳುತ್ತದೆ. ಸೋಂಕು ಬಂದಾಗ ಯಾವ ಔಷಧಿಯನ್ನು ಎಷ್ಟು ಇಳಿಸಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬುದು ವೈದ್ಯರ ನಿರ್ಣಯ.

ವೈರಾಣುವಿಗೆ ತಕ್ಕ ಔಷಧಿ ಇರುವುದರಿಂದಲೇ ಈ ತೊಡಕಿನಲ್ಲಿ ಭರವಸೆಗೆ ಎಡೆಯಿದೆ. ಅಸೈಕ್ಲೊವಿರ್ ಎಂಬ ಆ ಔಷಧಿ, 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಿಂದ ಬಂದದ್ದು. ಅದರ ಜಾಣತನ ಮೆಚ್ಚುವಂಥದು. ಸಾಮಾನ್ಯ ಜೀವಕೋಶದೊಳಗೆ ಅದು ಹೆಚ್ಚುಕಡಿಮೆ ನಿಷ್ಕ್ರಿಯ. ವೈರಾಣು ಹೊಕ್ಕ ಜೀವಕೋಶದಲ್ಲಿ ವೈರಾಣುವಿನದೇ ಒಂದು ಕಿಣ್ವ ಅದನ್ನು ಚುರುಕುಗೊಳಿಸುತ್ತದೆ, ಚುರುಕಾದ ಔಷಧಿ ವೈರಾಣುವಿನ ಡಿಎನ್‌ಎ ಬೆಳೆಯುವುದನ್ನು ತಡೆಯುತ್ತದೆ. ಕಳ್ಳ ತನ್ನ ಕೈಯಾರೆ ತನ್ನ ಬೇಡಿಯನ್ನು ತಯಾರಿಸಿಕೊಳ್ಳುತ್ತಾನೆ. ಸೋಂಕು ಹರಡಿದ್ದರೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ, ಸೀಮಿತವಾಗಿದ್ದರೆ ಮಾತ್ರೆಯ ರೂಪದಲ್ಲಿ ಕೊಡುತ್ತಾರೆ. ಸರ್ಪಸುತ್ತಿನಲ್ಲಿ ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಆರಂಭಿಸಿದರೆ ಫಲ ಹೆಚ್ಚು. ವಯಸ್ಕರಿಗೆ ಸಾಮಾನ್ಯವಾಗಿ ಬರೆಯುವ ಪ್ರಮಾಣ 800 ಮಿಲಿಗ್ರಾಂ, ದಿನಕ್ಕೆ 5 ಬಾರಿ, 7 ದಿನ. ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಅದನ್ನು ಬದಲಿಸುವುದುಂಟು. ದಿನಕ್ಕೆ ಎರಡು ಅಥವಾ ಮೂರು ಹೊತ್ತಿನ ಮಾತ್ರೆಗೆ ಒಗ್ಗಿದ ಮನೆಗಳಲ್ಲಿ ಐದು ಬಾರಿ ಎಂಬುದು ಸುಲಭವಾಗಿ ಮೂರಕ್ಕೆ ಇಳಿದುಬಿಡುತ್ತದೆ. ಅಂಗಡಿಯವರು ಇಂಗ್ಲಿಷ್ ಚೀಟಿ ನೋಡಿ ಮರಾಠಿಯಲ್ಲಿ ಹೇಳಿದ್ದನ್ನು ಮನೆಯವರು ಮಾತ್ರೆಯ ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದು ಅಂಟಿಸಿದರೆ ಆ ಐದೂ ಹೊತ್ತು ಉಳಿಯುತ್ತವೆ: ಬೆಳಿಗ್ಗೆ 6, ಬೆಳಿಗ್ಗೆ 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10.